ನಿನ್ನೆ ಹಾಲು ಉಕ್ಕಲಿಲ್ಲ. ಇದನ್ನು ಕೃತಜ್ಞತೆಯ ಪಟ್ಟಿಗೆ ಸೇರಿಸಬಹುದಾ?

ಸಂಪಿಗೆಮರ (ಮೈಸೂರು), ಬುಧವಾರ ಬೆಳಿಗ್ಗೆ 5.50

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ತಲೆಹರಟೆ ಅನ್ನಿಸಿದರೆ ಬೈಯಬೇಡಿ, ಬೈಸಿಕೊಳ್ಳುವ ಕೋಟಾ ನಿನ್ನೆಯೇ ಮುಗಿದಿದೆ.

ನಮ್ಮ ಆಫೀಸಿನಲ್ಲಿ ಈ ನವೆಂಬರ್‌ನಿಂದ ಒಂದು ಹೊಸ ಶಾಸ್ತ್ರ. ದಿನಾ ಮಲಗುವ ಮುಂಚೆ 'ಇಂದು ನಾನು ಯಾವುದಕ್ಕೆ ಕೃತಜ್ಞಳು' ಅಂತ ಮೂರು ವಿಷಯ ಬರೆಯಬೇಕಂತೆ. ಎಚ್‌ಆರ್‌ನವರು ಅದಕ್ಕೊಂದು ಚಂದದ ನೋಟ್‌ಬುಕ್ಕನ್ನೂ ಕೊಟ್ಟಿದ್ದಾರೆ, ಮೇಲೆ ಸೂರ್ಯಕಾಂತಿ ಹೂವು. ನಿನ್ನೆ ರಜೆ ಹಾಕಿದ್ದೆ. ರಜೆ ಅಂದರೆ ಗೊತ್ತಲ್ಲ, ಆಫೀಸು ಬಿಟ್ಟು ಮಿಕ್ಕಿದ್ದೆಲ್ಲ.

ಅತ್ತೆಗೆ 74. ಎಡಗಣ್ಣಿನ ಪೊರೆ ಆಪರೇಷನ್ ಆಗಿ ಹದಿನೈದು ದಿನ ಆಯಿತು, ತೋರಿಸಿಕೊಂಡು ಬರಬೇಕಿತ್ತು. ಒಂಬತ್ತೂವರೆಗೆ ಅಪಾಯಿಂಟ್‌ಮೆಂಟ್. ಅದೇ ಒಂಬತ್ತೂವರೆಯನ್ನು ಇನ್ನೂ ಇಪ್ಪತ್ತು ಜನಕ್ಕೆ ಕೊಟ್ಟಿದ್ದಾರೆ ಅಂತ ಹೋದ ಮೇಲೆ ಗೊತ್ತಾಯಿತು. ಹನಿ ಹಾಕಿ ಕೂರಿಸಿದರು. ಅರ್ಧ ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡಿ, "ಪಾಪೆ ಇನ್ನೂ ದೊಡ್ಡದಾಗಿಲ್ಲ" ಅಂತ ಇನ್ನೊಂದು ಹನಿ. ಅಲ್ಲಿ ಹನಿ ಹಾಕುವುದಕ್ಕೇ ಒಬ್ಬಳು ಹುಡುಗಿ. ಒಂದು ಕೈಯಲ್ಲಿ ಬಾಟ್ಲಿ, ಇನ್ನೊಂದರಲ್ಲಿ ಹತ್ತಿ. "ಅಜ್ಜೀ, ಫ್ಯಾನ್ ನೋಡಿ" ಅನ್ನುತ್ತಾಳೆ. ಅಜ್ಜಿ ತಲೆ ಎತ್ತಿ ಫ್ಯಾನ್ ಹುಡುಕುವಷ್ಟರಲ್ಲಿ ಹನಿ ಬಿದ್ದಾಗಿರುತ್ತದೆ. ಕೆನ್ನೆಗೆ ಇಳಿದದ್ದನ್ನು ಒರೆಸಿ, ಹತ್ತಿಯನ್ನು ಅಜ್ಜಿ ಕೈಗೇ ಕೊಟ್ಟು, ಮುಂದಿನ ಕುರ್ಚಿ. ಮಾಡಲು ಬೇರೆ ಕೆಲಸ ಇರಲಿಲ್ಲ, ಎಣಿಸಿದೆ. ಒಂದು ಗಂಟೆಯಲ್ಲಿ 41 ಸಲ "ಫ್ಯಾನ್ ನೋಡಿ". ಒಂದು ಸಲವೂ ದನಿ ಏರಲಿಲ್ಲ.

ಅಲ್ಲಿಂದ ಬ್ಯಾಂಕಿಗೆ, ಜೀವನ ಪ್ರಮಾಣ ಪತ್ರಕ್ಕೆ, ಅಂದರೆ ಪಿಂಚಣಿ ತಗೊಳ್ಳುವವರು ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ತೋರಿಸುವುದಕ್ಕೆ. ಮಾವ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು, ಅತ್ತೆಗೆ ಈಗ ಕುಟುಂಬ ಪಿಂಚಣಿ ಬರುತ್ತದೆ. ಬೆರಳಚ್ಚಿನ ಯಂತ್ರ ಅವರ ಹತ್ತೂ ಬೆರಳನ್ನು ಬೇಡ ಅಂದಿತು. "ಮೊಬೈಲಲ್ಲೇ ಮಾಡ್ಕೊಳ್ಳಿ ಮೇಡಂ, ಮುಖ ತೋರಿಸಿದ್ರೆ ಆಗುತ್ತೆ" ಅಂದರು. ಮನೆಗೆ ಬಂದು ಕೂತೆವು. ಆ್ಯಪ್ ಕಣ್ಣು ಮಿಟುಕಿಸಿ ಅನ್ನುತ್ತದೆ. ಇವರಿಗೆ ಹನಿ ಹಾಕಿದ ಕಣ್ಣು, ಬೆಳಕು ಕಂಡರೆ ಮುಚ್ಚಿಕೊಳ್ಳುತ್ತದೆ, ಮಿಟುಕಿಸುವುದೆಲ್ಲಿ. ನಾಲ್ಕನೇ ಸಲಕ್ಕೆ ಆಯಿತು. ಮಧ್ಯೆ ಒಂದು ಪ್ರಶ್ನೆ ಇತ್ತು: ಮರುಮದುವೆ ಆಗಿದ್ದೀರಾ? ಓದಿ ಹೇಳಿದೆ. ಅತ್ತೆ ಕಪ್ಪು ಕನ್ನಡಕ ಸರಿಮಾಡಿಕೊಂಡು, "ಗಂಡು ಹುಡುಕ್ತಾ ಇದೀವಿ ಅಂತ ಹಾಕು" ಅಂದರು. ನಾವಿಬ್ಬರೂ ಹೀಗೆ ನಕ್ಕು ಎಷ್ಟು ವರ್ಷ ಆಗಿತ್ತೋ.

ಆಮೇಲೆ ವಾಷಿಂಗ್ ಮೆಷಿನ್ ರಿಪೇರಿಯವನು 'ಎರಡರಿಂದ ಆರರ ಒಳಗೆ' ಬರುತ್ತೇನೆ ಅಂದವನು ಆರೂ ಹತ್ತಕ್ಕೆ ಬಂದ. ಐದಕ್ಕೆ ಮಗನ ಹಲ್ಲಿನ ಕ್ಲಿಪ್ ಬಿಗಿ ಮಾಡಿಸಬೇಕಿತ್ತು, ಅದೂ ಆಯಿತು. ರಾತ್ರಿ ಒಲೆ ಮೇಲೆ ಹಾಲಿಟ್ಟಿದ್ದೆ, ಇವರು ಬೆಂಗಳೂರಿನಿಂದ ಫೋನ್ ಮಾಡಿದರು, ಮಾತಾಡುತ್ತಾ ಮರೆತೇಬಿಟ್ಟೆ. ಓಡಿ ಹೋದರೆ ಹಾಲು ಪಾತ್ರೆಯ ಅಂಚಿಗೆ ಬಂದು ನಿಂತಿತ್ತು. ನಿಂತೇ ಇತ್ತು!

ನೋಟ್‌ಬುಕ್ ತೆಗೆದು ಬರೆದದ್ದು ಇಷ್ಟು. ಒಂದು, ಹಾಲು ಉಕ್ಕಲಿಲ್ಲ. ಎರಡು, ಅತ್ತೆಗೆ ಕಣ್ಣಿನ ಪ್ರೆಶರ್ ಏರಿಲ್ಲ. ಮೂರು, ಮಗನ ಕ್ಲಿಪ್ ಮುರಿದಿರಲಿಲ್ಲ.

ಬರೆದ ಮೇಲೆ ನೋಡಿದರೆ ಮೂರೂ ಆಗದೇ ಹೋದದ್ದು. ಆದದ್ದು ಒಂದೂ ಇಲ್ಲ. ಇದು ಲೆಕ್ಕಕ್ಕೆ ಬರುತ್ತಾ? ನಿಮ್ಮ ನಿನ್ನೆಯಲ್ಲಿ ಏನಿತ್ತು?

ಫಿಲ್ಟರ್‌ಕಾಪಿ (ಹಾಸನ)

ನಮ್ಮನೆಯಲ್ಲಿ ಹಾಲು ಉಕ್ಕದೇ ಇದ್ದರೆ ದೇವರಿಗೆ ತುಪ್ಪದ ದೀಪ ಹಚ್ಚುತ್ತಾರೆ. ಧಾರಾಳವಾಗಿ ಸೇರಿಸಿ.

ಗರಗಸ

ಕ್ಷಮಿಸಿ, ಈ ನೋಟ್‌ಬುಕ್ ವಿಷಯ ಕೇಳಿದರೆ ಮೈ ಉರಿಯುತ್ತದೆ. ಕೆಲಸ ಕಡಿಮೆ ಮಾಡಿ ಅಂದರೆ ನೋಟ್‌ಬುಕ್. ರಜೆ ಕೊಡಿ ಅಂದರೆ ನೋಟ್‌ಬುಕ್. ಮೂರು ವಿಷಯ ಬರೆಯುವುದೂ ಇನ್ನೊಂದು ಕೆಲಸ, ಅದೂ ರಾತ್ರಿ ಹತ್ತೂವರೆಗೆ.

2019ರಲ್ಲಿ ಸರ್ಕಾರವೇ ಸಮಯ ಬಳಕೆ ಸಮೀಕ್ಷೆ ಮಾಡಿತ್ತು. ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ಆಗ ಕೊಡುತ್ತಿದ್ದ ಹೊತ್ತು ದಿನಕ್ಕೆ ಸರಾಸರಿ 299 ನಿಮಿಷ. ಗಂಡಸರದ್ದು 97, ಅದೂ ಮನೆಗೆಲಸ ಮಾಡ್ತೀವಿ ಅಂದವರನ್ನು ಮಾತ್ರ ಎಣಿಸಿದಾಗ. ಆ 299ರ ಮೇಲೆ ಇನ್ನು 'ಕೃತಜ್ಞಳಾಗಿರು' ಅಂತ ಹತ್ತು ನಿಮಿಷ. ಫೋನ್ ಮಾಡಿದ ಯಜಮಾನರು ಎಲ್ಲಿ ನೋಟ್‌ಬುಕ್ ಬರೆಯುತ್ತಿದ್ದಾರೆ ಅಂತ ಕೇಳಬಹುದಾ?

ಸಂಪಿಗೆಮರ

ಬೆಂಗಳೂರಿನಲ್ಲಿ ಪಿಜಿಯಲ್ಲಿ ಇದ್ದಾರೆ ಸರ್, ಶನಿವಾರ ಬರುತ್ತಾರೆ. ಬಟ್ಟೆ ಒಗೆಯುವುದು ಬಂದಿದೆ, ಇಸ್ತ್ರಿ ಇನ್ನೂ ಬಂದಿಲ್ಲ. ಅವರನ್ನು ಇದರಲ್ಲಿ ಎಳೆಯಬೇಡಿ ಪಾಪ.

ಗರಗಸ

'ಪಾಪ' ಅನ್ನುವುದೇ ಸಮಸ್ಯೆಯ ಬೇರು.

ನಿವೃತ್ತ ಮೇಷ್ಟ್ರು (ತುಮಕೂರು)

ತಾಯಿ ಸಂಪಿಗೆಮರ, ನಿಮ್ಮ ಪಟ್ಟಿ ಸರಿಯಾಗಿಯೇ ಇದೆ. ಮೊದಲು ಒಂದು ಕೆಲಸಕ್ಕೆ ಬರುವ ಮಾತು. ಮುಂದಿನ ವರ್ಷ ಅತ್ತೆಯವರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಬೇಡಿ. ಅಂಚೆಯವರಿಗೆ ಹೇಳಿದರೆ ಮನೆಗೇ ಬಂದು ಜೀವನ ಪ್ರಮಾಣ ಮಾಡಿಕೊಡುತ್ತಾರೆ, ನಾನು ಕೊಟ್ಟದ್ದು 70 ರೂಪಾಯಿ. ಆಧಾರ್, ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರ್, ಬ್ಯಾಂಕ್ ಖಾತೆ ನಂಬರ್, ಮೊಬೈಲ್, ಇಷ್ಟು ಕೈಯಲ್ಲಿರಲಿ. ಕೇಂದ್ರದ ಪಿಂಚಣಿದಾರರಿಗೆ 80 ದಾಟಿದ್ದರೆ ಅಕ್ಟೋಬರ್ 1ರಿಂದಲೇ ಕೊಡಬಹುದು, ನವೆಂಬರಿನ ನೂಕುನುಗ್ಗಲು ತಪ್ಪುತ್ತದೆ.

ನನ್ನ ಬೆರಳೂ ಯಂತ್ರಕ್ಕೆ ಸಿಗುವುದಿಲ್ಲ. ಮೂವತ್ತೆರಡು ವರ್ಷ ಸೀಮೆಸುಣ್ಣ ಹಿಡಿದು ಗೆರೆಯೆಲ್ಲ ಸವೆದುಹೋಗಿದೆ. ಅಂಚೆಯ ಹುಡುಗ ನನ್ನ ಹೆಬ್ಬೆರಳನ್ನು ತನ್ನ ಅಂಗಿಗೆ ಒರೆಸಿ ಒರೆಸಿ ಒತ್ತಿದ. ಆರನೇ ಸಲಕ್ಕೆ ಹಸಿರು ದೀಪ ಬಂತು. "ಸಾರ್, ನೀವು ಬದುಕಿದ್ದೀರಿ" ಅಂದ. ಬಹಳ ವರ್ಷದಲ್ಲಿ ಯಾರೂ ನನಗೆ ಇಷ್ಟು ಸಂತೋಷದ ಸುದ್ದಿ ಹೇಳಿರಲಿಲ್ಲ.

ಗರಗಸ ಅವರೇ, ಕೃತಜ್ಞತೆ ಅಭ್ಯಾಸದಿಂದ ಬರುವಂಥದ್ದು. ಮನಸ್ಸನ್ನು ತಿದ್ದಿದರೆ

ನಿವೃತ್ತ ಮೇಷ್ಟ್ರು

ಅರ್ಧಕ್ಕೇ ಹೋಯಿತು, ಮೊಮ್ಮಗಳು ಫೋನ್ ಕಿತ್ತುಕೊಂಡಳು. ಪುನಃ ಬರೆಯುತ್ತೇನೆ.

ಗರಗಸ

ಮೊಮ್ಮಗಳಿಗೆ ನನ್ನ ಕಡೆಯಿಂದ ಕೃತಜ್ಞತೆ.

ಫಿಲ್ಟರ್‌ಕಾಪಿ (ಹಾಸನ)

😂😂

ಹನಿಬಾಟ್ಲಿ

ಆ ಹುಡುಗಿ ನಾನಲ್ಲ. ನಾನಿರುವುದು ಬೇರೆ ಊರಿನಲ್ಲಿ. ಆದರೆ ನನ್ನದೂ ಅದೇ ಕೆಲಸ, ಕಣ್ಣಿನ ವಿಭಾಗದಲ್ಲಿ ಸಹಾಯಕಿ. 41 ಅಂತ ಯಾರೋ ಕೂತು ಎಣಿಸಿದ್ದಾರೆ ಅಂತ ಓದಿ ಕಣ್ಣಲ್ಲಿ ನೀರು ಬಂತು. ನಾವು 'ಫ್ಯಾನ್ ನೋಡಿ' ಅನ್ನುವುದು ಯಾಕೆ ಗೊತ್ತಾ? 'ಮೇಲೆ ನೋಡಿ' ಅಂದರೆ ಎಲ್ಲರೂ ನಮ್ಮ ಮುಖ ನೋಡುತ್ತಾರೆ. ಫ್ಯಾನ್ ಅಂದರೆ ಮಾತ್ರ ಗಲ್ಲ ಎತ್ತುತ್ತಾರೆ. ಕರೆಂಟ್ ಹೋದಾಗ ಕಷ್ಟ, "ತಿರುಗ್ತಾ ಇಲ್ವಲ್ಲಮ್ಮ" ಅಂತ ಮಾತಿಗೆ ನಿಲ್ಲುತ್ತಾರೆ.

ಈ ಹನಿಯಿಂದ ನಾಲ್ಕರಿಂದ ಆರು ಗಂಟೆ ಹತ್ತಿರದ್ದು ಮಂಜು, ಬಿಸಿಲು ಚುಚ್ಚುತ್ತದೆ. ಆದ್ದರಿಂದ ತೋರಿಸಿಕೊಂಡು ಬಂದ ದಿನ ಜೀವನ ಪ್ರಮಾಣ, ಸಹಿ, ಬ್ಯಾಂಕು ಏನೂ ಇಟ್ಟುಕೊಳ್ಳಬೇಡಿ. ಗಾಡಿ ಓಡಿಸುವುದಂತೂ ಬೇಡವೇ ಬೇಡ.

ಮನೆಯಲ್ಲಿ ಹಾಕುವ ಡ್ರಾಪ್ಸ್ ಬಾಟ್ಲಿಯ ಮೇಲೆ 'ಚೆನ್ನಾಗಿ ಅಲ್ಲಾಡಿಸಿ' ಅಂತಿದ್ದರೆ ನಿಜವಾಗಿಯೂ ಅಲ್ಲಾಡಿಸಿ, ಔಷಧಿ ತಳದಲ್ಲಿ ಕೂತಿರುತ್ತದೆ. ಎರಡು ಥರದ ಡ್ರಾಪ್ಸ್ ಇದ್ದರೆ ಮಧ್ಯೆ ಐದು–ಹತ್ತು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಬಾಟ್ಲಿಯ ಮೂತಿ ರೆಪ್ಪೆಗೆ ತಾಗಬಾರದು. ವಾರ ವಾರ ಒಂದೊಂದು ಸಲ ಕಡಿಮೆ ಮಾಡಲು ಬರೆದಿದ್ದರೆ ಹಾಗೇ ಮಾಡಿ, ಕಣ್ಣು ಚೆನ್ನಾಗಿದೆ ಅಂತ ನೀವೇ ನಿಲ್ಲಿಸಬೇಡಿ.

ಇನ್ನು ನಿಮ್ಮ ಪ್ರಶ್ನೆಗೆ. ನಮಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ, ಹೇಳಬೇಕಾದ್ದು ಡಾಕ್ಟರಿಗೆ, ಅದು ಸರಿಯೇ. ಆದರೆ ಹೋದ ತಿಂಗಳು ಒಬ್ಬರು ಅಜ್ಜಿ ಎರಡನೇ ಕಣ್ಣೂ ಆಗಿ ತೋರಿಸಲು ಬಂದಿದ್ದರು. ನನ್ನ ದನಿ ಕೇಳಿ ತಿರುಗಿದವರು ಸುಮಾರು ಹೊತ್ತು ನೋಡಿದರು. "ಅಯ್ಯೋ, ನೀನು ಇಷ್ಟು ಚಿಕ್ಕ ಹುಡುಗೀನಾ? ನಾನು ಯಾರೋ ದಪ್ಪನೆ ಹೆಂಗಸು ಅಂದ್ಕೊಂಡಿದ್ದೆ!" ಅಂದರು. ಅವತ್ತು ಎಲ್ಲ ಅಜ್ಜಿಯರಿಗೂ ನಗ್ತಾ ನಗ್ತಾ ಹನಿ ಹಾಕಿದೆ.

ಸಂಪಿಗೆಮರ

ಹನಿಬಾಟ್ಲಿ, ಇದನ್ನು ಅತ್ತೆಗೆ ಓದಿ ಹೇಳಿದೆ. "ಆ ಹುಡುಗಿ ಊಟ ಮಾಡಿದ್ಲಾ ಕೇಳು" ಅಂದರು. ನೀವು ಆ ಹುಡುಗಿ ಅಲ್ಲ ಅಂದರೂ ಕೇಳಲಿಲ್ಲ. ಆದ್ದರಿಂದ ಕೇಳುತ್ತಿದ್ದೇನೆ, ಊಟ ಆಯಿತಾ?

ಒಂದು ದೂರೂ ಇದೆ. ಆಪರೇಷನ್ ಆದ ಮೇಲೆ ಅತ್ತೆಗೆ ಎಲ್ಲ ಕಾಣುತ್ತಿದೆ. ಎಲ್ಲವೂ. ಅಡುಗೆಮನೆ ಎಕ್ಸಾಸ್ಟ್ ಫ್ಯಾನಿನ ಜಿಡ್ಡು, ದೇವರ ಮನೆ ಮೂಲೆಯ ಬಲೆ, ಸ್ಟೀಲ್ ಡಬ್ಬಿಗಳ ಮೇಲೆ ಬೆರಳಿನ ಗುರುತು. "ಎಷ್ಟು ದಿನದಿಂದ ಹೀಗಿತ್ತು?" ಅಂತ ಕೇಳಿದರು. ಐದು ವರ್ಷದಿಂದ ಅಂತ ಹೇಳೋಕಾಗುತ್ತಾ?

ಹನಿಬಾಟ್ಲಿ

ಈಗ ಆಯಿತು. ಮುದ್ದೆ, ಸೊಪ್ಪಿನ ಸಾರು. ಅತ್ತೆಗೆ ಹೇಳಿ.

ದೂರು ಎಲ್ಲರ ಮನೆಯದ್ದೂ ಅದೇ. 😀 ಪೊರೆ ಬಂದ ಲೆನ್ಸ್ ಹಳದಿ ತಿರುಗಿರುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ಅದನ್ನು ತೆಗೆದು ಹೊಸದು ಹಾಕಿದ ಮೇಲೆ ಬಿಳಿ ನಿಜವಾದ ಬಿಳಿ, ನೀಲಿ ಇನ್ನೂ ನೀಲಿ. ಒಂದು ಕಣ್ಣು ಮಾತ್ರ ಆಗಿದ್ದರೆ ಒಂದೊಂದೇ ಕಣ್ಣು ಮುಚ್ಚಿ ಗೋಡೆ ನೋಡಲು ಹೇಳಿ. ಒಂದರಲ್ಲಿ ಸುಣ್ಣ ಹೊಡೆದ ಗೋಡೆ, ಇನ್ನೊಂದರಲ್ಲಿ ಚಹಾ ಚೆಲ್ಲಿದ ಗೋಡೆ.

ಧಾರವಾಡ ಫೇಡೆ

ನಮ್ಮ ಅವ್ವಂದು ಬ್ಯಾರೆ ಕಥಿ ನೋಡ್ರಿ. ಆಪರೇಷನ್ ಆದ ಮ್ಯಾಲೆ ಕನ್ನಡಿ ಮುಂದ ನಿಂತು, "ಯಾವಾಗ ಇಷ್ಟು ಮುದುಕಿ ಆದೆ ನಾನು?" ಅಂತ ಅಳಾಕತ್ತಿದ್ಲು. ಅಪ್ಪ ಹಿಂದಿನಿಂದ, "ನನಗ ಇನ್ನೂ ಆಪರೇಷನ್ ಆಗಿಲ್ಲ, ನೀ ಚಂದನ ಕಾಣಸ್ತಿ" ಅಂದ. ಅಂವ ಇವತ್ತಿಗೂ ಆಪರೇಷನ್ ಮಾಡಿಸಿಕೊಂಡಿಲ್ಲ.

ಫಿಲ್ಟರ್‌ಕಾಪಿ (ಹಾಸನ)

ಈ ಅಪ್ಪನಿಗೆ ಪ್ರಶಸ್ತಿ ಕೊಡಬೇಕು.

ಹನಿಬಾಟ್ಲಿ

ಪ್ರಶಸ್ತಿ ಕೊಟ್ಟು ಹಾಗೇ ಆಪರೇಷನ್ ಟೇಬಲ್‌ಗೂ ಕರೆದುಕೊಂಡು ಬನ್ನಿ. ತುಂಬಾ ಬಲಿಯಲು ಬಿಟ್ಟರೆ ತೆಗೆಯುವುದು ಕಷ್ಟ.

ಪದಹುಡುಕ

ಮೂಲ ಪ್ರಶ್ನೆಗೆ ಒಂದು ಉಪಪ್ರಶ್ನೆ. ಮನೆಯೊಳಗೆ ಹೇಳುವಂಥ ಥ್ಯಾಂಕ್ಸ್ ಕನ್ನಡದಲ್ಲಿ ಎಲ್ಲಿದೆ? 'ಧನ್ಯವಾದ' ಸಭೆಯ ಮಾತು. ಅಮ್ಮ ದೋಸೆ ಹಾಕಿದಾಗ "ಧನ್ಯವಾದಗಳು ಅಮ್ಮ" ಅಂದು ನೋಡಿ, ಜ್ವರ ಬಂದಿದೆಯಾ ಅಂತ ಹಣೆ ಮುಟ್ಟುತ್ತಾರೆ. 'ಕೃತಜ್ಞತೆ'ಯೂ ಸಂಸ್ಕೃತದಿಂದ ಬಂದದ್ದು. ಈಚೆಗೆ ಕೆಲವರು 'ನನ್ನಿ' ಅನ್ನುತ್ತಾರೆ, ಆದರೆ ಹಳಗನ್ನಡದಲ್ಲಿ ನನ್ನಿ ಅಂದರೆ ಸತ್ಯ. ತಮಿಳಿನ 'ನನ್‌ಱಿ', ಮಲಯಾಳದ 'ನನ್ದಿ' ನೋಡಿ ಇಲ್ಲಿಗೂ ತಂದಿದ್ದಾರೆ.

ಅಚ್ಚಗನ್ನಡಿಗ

ತಂದರೆ ತಪ್ಪೇನು? ಬಳಸಿದರೆ ಪದ ಬದುಕುತ್ತದೆ. 'ನನ್ನಿ' ಚಂದವಾಗಿದೆ, ಚಿಕ್ಕದಾಗಿದೆ. ನಾನು ಐದು ವರ್ಷದಿಂದ ಬಳಸುತ್ತಿದ್ದೇನೆ.

ಪದಹುಡುಕ

ಕೇಳಿದವರು ಏನು ಅಂದುಕೊಳ್ಳುತ್ತಾರೆ?

ಅಚ್ಚಗನ್ನಡಿಗ

ಹೆಚ್ಚಿನವರು "ಏನ್ ನನ್ನಿ? ನಿನ್ನೇನಾ?" ಅನ್ನುತ್ತಾರೆ. ಕಾಲ ಬೇಕು.

ಕಡಲತಡಿ (ಉಡುಪಿ)

ತುಳುವಿನಲ್ಲಿ 'ಸೊಲ್ಮೆಲು' ಉಂಟು, ಸಭೆಯಲ್ಲಿ ಹೇಳ್ತಾರೆ, ಮನೆಯಲ್ಲಿ ಅಷ್ಟು ಇಲ್ಲ. ನಮ್ಮ ಪಕ್ಕದ ಮನೆಯ ಕೊಂಕಣಿ ಬಾಯಮ್ಮ 'ದೇವ್ ಬರೆಂ ಕರುಂ' ಅಂತಾರೆ. ದೇವರು ಒಳ್ಳೇದು ಮಾಡಲಿ ಅಂತ. ನಾನು ಮೀನಿನ ಸಾರು ಕೊಟ್ಟರೆ ಸಾಲ ನನ್ನ ಮತ್ತು ಅವರ ನಡುವೆ ಉಳಿಯುವುದಿಲ್ಲ, ದೇವರ ಖಾತೆಗೆ ಹೋಗ್ತದೆ. ಆದರೂ ಮಾರನೇ ದಿನ ನನ್ನ ಪಾತ್ರೆ ಖಾಲಿ ಬರುವುದಿಲ್ಲ, ಅದು ಬೇರೆ ಮಾತು.

ಧಾರವಾಡ ಫೇಡೆ

ಪಾತ್ರೆ ಖಾಲಿ ಕಳಿಸಬಾರದು ಅನ್ನೂದು ಎಲ್ಲಾ ಕಡೆ ಐತಿ. ಏನೂ ಇಲ್ಲಂದ್ರ ಒಂದು ಚಮಚ ಸಕ್ಕರಿ ಹಾಕಿ ಕಳಸ್ತಾರ.

ಮತ್ತ ನಮ್ಮಲ್ಲೆ ಥ್ಯಾಂಕ್ಸ್ ಇಲ್ಲ ಅನ್ನಬ್ಯಾಡ್ರಿ. "ನಿನ್ನ ಹೊಟ್ಟಿ ತಣ್ಣಗಿರಲಿ" ಅಂತಾರಲ್ಲ, ಅದೇನು ಮತ್ತ? ಬಸ್ಸಿನ್ಯಾಗ ಸೀಟು ಬಿಟ್ಟುಕೊಟ್ರ ಮುದುಕಿ ಕೂಡೂ ಮೊದಲ ಅದನ್ನ ಅಂತಾಳ. ಸೀಟು ಒಂದು ತಾಸಿನ ಮಾತು. ಆಶೀರ್ವಾದ ಮಕ್ಕಳು ಮೊಮ್ಮಕ್ಕಳ ತನಕ ಹೋಗ್ತದ.

ಪದಹುಡುಕ

ಒಪ್ಪಿದೆ. ಇದು ನನ್ನ ತಲೆಗೆ ಹೊಳೆದಿರಲಿಲ್ಲ. "ದೊಡ್ಡ ಉಪಕಾರ ಆಯ್ತು", "ಪುಣ್ಯ ಬರಲಿ", ಇವೂ ಆ ಸಾಲಿನವೇ.

ಎಡಿಸನ್ ಅಮ್ಮ (ನ್ಯೂಜೆರ್ಸಿ)

ಇಲ್ಲಿ ಉಲ್ಟಾ ಕಥೆ. ನನ್ನ ಮಕ್ಕಳು ನೀರು ಕೊಟ್ಟರೂ ಥ್ಯಾಂಕ್ಯೂ, ಬಾಗಿಲು ತೆಗೆದರೂ ಥ್ಯಾಂಕ್ಯೂ. ಅಮ್ಮ ಚಿಕ್ಕಮಗಳೂರಿನಿಂದ ಆರು ತಿಂಗಳಿಗೆ ಬಂದಿದ್ದಾರೆ. ಮೊದಲ ವಾರ ಮೊಮ್ಮಗ ಅಕ್ಕಿರೊಟ್ಟಿ ತಿಂದು "ಥ್ಯಾಂಕ್ಯೂ ಅಜ್ಜಿ" ಅಂದ. ರಾತ್ರಿ ಅಮ್ಮ ನನ್ನ ಹತ್ತಿರ ಬಂದು, "ನಾನೇನು ಹೋಟ್ಲಿನವಳಾ?" ಅಂತ ಕೇಳಿದರು. ನಿಜವಾಗಿಯೂ ನೊಂದುಕೊಂಡಿದ್ದರು.

ಈಗ ಎರಡು ತಿಂಗಳಾಯಿತು. ನಿನ್ನೆ ಮೊಮ್ಮಗ ಥ್ಯಾಂಕ್ಯೂ ಹೇಳದೆ ಎದ್ದುಹೋದ. ಅಮ್ಮ: "ಯಾಕೋ, ರೊಟ್ಟಿ ಚೆನ್ನಾಗಿರಲಿಲ್ವಾ?"

ನಾಳೆ ಗುರುವಾರ ಇಲ್ಲಿ ಥ್ಯಾಂಕ್ಸ್‌ಗಿವಿಂಗ್. ನವೆಂಬರಿನ ನಾಲ್ಕನೇ ಗುರುವಾರ, ಊರಿಗೆ ಊರೇ ಟರ್ಕಿ ಕೋಳಿ ಬೇಯಿಸುತ್ತದೆ. ನಮ್ಮನೆಯಲ್ಲಿ ಬಿಸಿಬೇಳೆಬಾತು.

ನಿವೃತ್ತ ಮೇಷ್ಟ್ರು (ತುಮಕೂರು)

ಫೋನ್ ಸಿಕ್ಕಿತು. ನಾನು ಹೇಳಲು ಹೊರಟದ್ದು ಏನೆಂದರೆ, ಬೆಳಿಗ್ಗೆ ಎದ್ದ ಕೂಡಲೇ ಕೈ ನೋಡಿಕೊಂಡು, ಭೂಮಿ ಮುಟ್ಟಿ ನಮಸ್ಕರಿಸಿ ಕಾಲಿಡುವುದು ನಮ್ಮ ಹಿರಿಯರ ಪದ್ಧತಿ. ಅದೇ ನೋಟ್‌ಬುಕ್. ಹೊಸದೇನಲ್ಲ.

ಗರಗಸ

ಅದೇ ಹಿರಿಯರ ಮನೆಯಲ್ಲಿ ಹೆಂಗಸರು ಎಲ್ಲರ ಊಟ ಆದ ಮೇಲೆ ತಳದ ಸಾರು ಉಣ್ಣುತ್ತಿದ್ದರು. ಭೂಮಿಗೆ ನಮಸ್ಕಾರ, ಸೊಸೆಗೆ ತಳದ ಸಾರು.

ನಿವೃತ್ತ ಮೇಷ್ಟ್ರು (ತುಮಕೂರು)

ಅದು ನಿಜ. ನನ್ನ ತಾಯಿಯೂ ಹಾಗೇ ಉಂಡವಳು. ಅದಕ್ಕೆ ನನ್ನ ಬಳಿ ಉತ್ತರ ಇಲ್ಲ.

ಮನಶ್ಶಾಸ್ತ್ರ ವಿದ್ಯಾರ್ಥಿ

ಈ ಪಟ್ಟಿ ಬರೆಯುವ ಪದ್ಧತಿಯ ಹಿಂದೆ ಸಂಶೋಧನೆ ಇದೆ, ಎಚ್‌ಆರ್ ಕಟ್ಟಿದ ಕಥೆಯಲ್ಲ. ಎಮ್ಮನ್ಸ್ ಮತ್ತು ಮೆಕಲಾ ಅನ್ನುವ ಇಬ್ಬರು ಅಮೆರಿಕದಲ್ಲಿ ಮಾಡಿದ್ದು, 2003ರಲ್ಲಿ ಪ್ರಕಟವಾಯಿತು. ಒಂದು ಗುಂಪು ಕೃತಜ್ಞತೆಯ ಸಂಗತಿ ಬರೆಯಿತು, ಇನ್ನೊಂದು ಕಿರಿಕಿರಿ ಬರೆಯಿತು, ಮತ್ತೊಂದು ಸುಮ್ನೆ ನಡೆದದ್ದನ್ನು ಬರೆಯಿತು. ಮೊದಲ ಗುಂಪಿನವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇತ್ತು. ಗಮನಿಸಿ, ಅವರ ಮೊದಲ ಪ್ರಯೋಗದಲ್ಲಿ ಬರೆದದ್ದು ವಾರಕ್ಕೊಮ್ಮೆ, ಹತ್ತು ವಾರ. ದಿನಾ ಅಲ್ಲ.

ಗರಗಸ

ಬರೆದವರು ಯಾರು?

ಮನಶ್ಶಾಸ್ತ್ರ ವಿದ್ಯಾರ್ಥಿ

ಆ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು.

ಗರಗಸ

ಅಷ್ಟೇ ಬೇಕಿತ್ತು. ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಬ್ಯಾಂಕು ಮುಗಿಸಿ, ಮೆಷಿನ್ ರಿಪೇರಿಯವನಿಗೆ ಕಾದು ಬಂದವರಲ್ಲ.

ಮನಶ್ಶಾಸ್ತ್ರ ವಿದ್ಯಾರ್ಥಿ

ಅದೇ ಲೇಖನದ ಕೊನೆಯ ಪ್ರಯೋಗ ನರ–ಸ್ನಾಯುವಿನ ಕಾಯಿಲೆ ಇದ್ದ ದೊಡ್ಡವರ ಮೇಲೆ ಮಾಡಿದ್ದು ಸರ್. ಅವರು ದಿನಾ ಬರೆದರು, ಅಲ್ಲಿಯೂ ವ್ಯತ್ಯಾಸ ಕಂಡಿತ್ತು. ಪೂರ್ತಿ ತಳ್ಳಿಹಾಕಬೇಡಿ.

ಫಿಲ್ಟರ್‌ಕಾಪಿ (ಹಾಸನ)

ಸಂಶೋಧನೆ ಸಾಕು, ನನ್ನ ನಿನ್ನೆ ಹೇಳ್ತೀನಿ. ಅಮ್ಮ ತಂಗಿ ಮನೆಗೆ ಶಿವಮೊಗ್ಗಕ್ಕೆ ಹೋದರು, ಒಬ್ಬರೇ. 2023ರ ಜೂನ್ 11ಕ್ಕೆ ಬಸ್ ಫ್ರೀ ಆದಾಗಿನಿಂದ ಇವರು ಮನೆಯಲ್ಲಿ ನಿಲ್ಲೋದೇ ಇಲ್ಲ. ಮೊದಲು ಎಲ್ಲಿಗೆ ಹೋಗಬೇಕಾದರೂ ಅಪ್ಪನ ಹತ್ತಿರ "ನೂರು ರೂಪಾಯಿ ಕೊಡಿ" ಅಂತ ನಿಲ್ಲಬೇಕಿತ್ತು. ಈಗ ಆಧಾರ್ ಕಾರ್ಡ್ ಸೆರಗಿಗೆ ಕಟ್ಟಿಕೊಂಡು ಹೊರಟೇಬಿಡ್ತಾರೆ. ಶೂನ್ಯ ಟಿಕೆಟ್‌ಗಳನ್ನೆಲ್ಲ ದೇವರ ಫೋಟೋ ಹಿಂದೆ ಸಿಕ್ಕಿಸಿ ಇಟ್ಟಿದ್ದಾರೆ, ಒಂದೂ ಬಿಸಾಡಿಲ್ಲ.

ಲೆಕ್ಕಪತ್ರ

ಆ ಶೂನ್ಯ ಟಿಕೆಟ್ಟಿನ ದುಡ್ಡು ನಮ್ಮ ತೆರಿಗೆಯಿಂದ ಹೋಗೋದು. ಅದಕ್ಕೆ ಯಾರಿಗೆ ಕೃತಜ್ಞತೆ?

ಫಿಲ್ಟರ್‌ಕಾಪಿ (ಹಾಸನ)

ನಿಮಗೇ ಸಾರ್. ಅಮ್ಮನ ಪರವಾಗಿ: ನಿಮ್ಮ ಹೊಟ್ಟೆ ತಣ್ಣಗಿರಲಿ.

ನಿರ್ವಾಹಕ

ಚೆನ್ನಾಗಿ ನಡೆಯುತ್ತಿದೆ. ಬಸ್ಸಿನ ರಾಜಕೀಯಕ್ಕೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ.

ಮಲೆನಾಡು ಮಳೆ (ತೀರ್ಥಹಳ್ಳಿ)

ನಮ್ಮಲ್ಲಿ ನಿನ್ನೆ ಕರೆಂಟ್ ಇತ್ತು. ಇಡೀ ದಿನ. ನನ್ನ ಪಟ್ಟಿ ಮುಗಿಯಿತು.

ಗರಗಸ, ಬುಧವಾರ ರಾತ್ರಿ 11.25

ಬೆಳಿಗ್ಗೆಯಿಂದ ಎಲ್ಲರ ಮೇಲೂ ಹಾರಾಡಿದ್ದೇನೆ, ಯಾಕೆ ಅಂತ ಹೇಳಿಬಿಡುತ್ತೇನೆ.

ಅಮ್ಮನಿಗೆ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ. ಒಂದು ಸಲಕ್ಕೆ ನಾಲ್ಕು ಗಂಟೆ. ಬಿಪಿಎಲ್ ಕಾರ್ಡ್ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ತಗೊಳ್ಳುವುದಿಲ್ಲ. ಎರಡೂವರೆ ವರ್ಷ ಆಯಿತು. ನೆಂಟರು ಬಂದವರು ಹೇಳುವುದು ಒಂದೇ ಮಾತು: "ಫ್ರೀಯಾಗಿ ಆಗ್ತಾ ಇದೆಯಲ್ಲ, ಅದೃಷ್ಟ ಅಂದ್ಕೋ." ಅಂದ್ಕೋತೀನಿ. ಆದರೆ ಅದನ್ನು ಅವರು ಹೇಳಿದಾಗ, ಇನ್ನು ಬಾಯಿ ಮುಚ್ಚು ಅಂದ ಹಾಗೆ ಕೇಳಿಸುತ್ತದೆ.

ನಿನ್ನೆ ಮಂಗಳವಾರ. ಸೂಜಿ ಮೊದಲನೇ ಸಲಕ್ಕೇ ಸಿಕ್ಕಿತು. ಬಿಪಿ ಇಳಿಯಲಿಲ್ಲ, ಕಾಲು ಸೆಳೆತ ಬರಲಿಲ್ಲ, ಮೆಷಿನ್ ಒಂದು ಸಲವೂ ಕೂಗಲಿಲ್ಲ. ಅಮ್ಮ ನಿದ್ದೆ ಮಾಡಿದರು. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಒಂದು ಕಡಲೆಕಾಯಿ ಪೊಟ್ಟಣ ಪೂರ್ತಿ ತಿಂದೆ. ನಾಲ್ಕು ಗಂಟೆ ಏನೂ ಆಗಲಿಲ್ಲ.

ಸಂಪಿಗೆಮರ ಅವರೇ, ನಿಮ್ಮ ಪಟ್ಟಿ ಲೆಕ್ಕಕ್ಕೆ ಬರುತ್ತದೆ. ನೋಟ್‌ಬುಕ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹನಿಬಾಟ್ಲಿ

ಮೊದಲನೇ ಸಲಕ್ಕೇ ಸೂಜಿ ಸಿಕ್ಕುವುದು ಎಷ್ಟು ದೊಡ್ಡದು ಅಂತ ಆಸ್ಪತ್ರೆಯಲ್ಲಿ ಇರುವವರಿಗೆ ಗೊತ್ತು. ಅಮ್ಮನಿಗೆ ನಮಸ್ಕಾರ ಹೇಳಿ.

ನಿವೃತ್ತ ಮೇಷ್ಟ್ರು (ತುಮಕೂರು)

ಗರಗಸ, ನಾಳೆ ಗುರುವಾರ. ಮುಗಿದ ಮೇಲೆ ಇಲ್ಲಿ ಒಂದು ಸಾಲು ಹಾಕಿ ಮಗು.

ಸಂಪಿಗೆಮರ, ಗುರುವಾರ ರಾತ್ರಿ 9.15

ಗರಗಸ ಅವರೇ, ಏನು ಬರೆಯಬೇಕು ಗೊತ್ತಾಗದೆ ನಿನ್ನೆ ಸುಮ್ಮನಿದ್ದೆ. ಇವತ್ತು ಹೇಗಾಯಿತು?

ಇಲ್ಲಿಯ ಸುದ್ದಿ. ಅತ್ತೆಗೆ ಈಗ ಡ್ರಾಪ್ಸ್ ದಿನಕ್ಕೆ ನಾಲ್ಕು ಸಲ, ಮಧ್ಯಾಹ್ನದ್ದು ಅವರೇ ಹಾಕಿಕೊಂಡು ಅರ್ಧ ಕೆನ್ನೆಗೆ ಬಿಡುತ್ತಾರೆ. ಸಂಜೆಯದ್ದನ್ನು ಮಗ ತಾನೇ ವಹಿಸಿಕೊಂಡಿದ್ದಾನೆ. ಇವತ್ತು ಒಳಗಿನಿಂದ ಕೇಳಿಸಿತು: "ಅಜ್ಜೀ, ಫ್ಯಾನ್ ನೋಡಿ." ನಾನು ಹೇಳಿಕೊಟ್ಟಿಲ್ಲ, ಮೊನ್ನೆ ಫೋನಿನಲ್ಲಿ ಇವರಿಗೆ ಹೇಳುವಾಗ ಕೇಳಿಸಿಕೊಂಡಿದ್ದಾನೆ. ಮನೆಯಲ್ಲಿ ಅವನು ಅಜ್ಜಿಗೆ ಯಾವತ್ತೂ ಬಹುವಚನ ಹಾಕಿದವನಲ್ಲ.

ಮಾರ್ಕೆಟ್ಟಿನಲ್ಲಿ ಹೊಸ ಅವರೆಕಾಯಿ ಬಂದಿತ್ತು, ಎರಡು ಕೇಜಿ ತಂದೆ. ಹೋದ ವರ್ಷ ಅತ್ತೆ ಬಿಡಿಸಿಕೊಟ್ಟದ್ದರಲ್ಲಿ ಹುಳ ಹಾಗೇ ಇರುತ್ತಿತ್ತು, ಅವರಿಗೆ ಗೊತ್ತಾಗದ ಹಾಗೆ ನಾನು ಹಿತ್ತಿಲಲ್ಲಿ ಕೂತು ಇನ್ನೊಂದು ಸಲ ಆರಿಸುತ್ತಿದ್ದೆ. ಇವತ್ತು ಅವರೇ ಒಂದು ಹುಳ ಹಿಡಿದು ಕಿಟಕಿ ಬೆಳಕಿಗೆ ಎತ್ತಿ ತೋರಿಸಿದರು. ಎಷ್ಟು ಹಸಿರು ನೋಡು ಅಂದರು. ಆಮೇಲೆ, "ಹೋದ ವರ್ಷ ನೀನು ಹಿತ್ತಿಲಲ್ಲಿ ಕೂತು ಏನು ಮಾಡ್ತಿದ್ದೆ ಅಂತ ನಂಗೊತ್ತಿತ್ತು" ಅಂದರು. ಕಣ್ಣು ಕಾಣದಿದ್ದರೂ ಕಿವಿ ಚುರುಕು.

ಪದಹುಡುಕ

ಹಿತಕಿದ ಬೇಳೆ ಸಾರು ಮಾಡಿದಿರಾ? ಅಂದ ಹಾಗೆ ಅದು 'ಹಿದುಕಿದ'. ಹಿದುಕು ಅಂದರೆ ಹಿಸುಕು.

ಫಿಲ್ಟರ್‌ಕಾಪಿ (ಹಾಸನ)

ನಮ್ಮಲ್ಲಿ 'ಇದಕ್‌ಬ್ಯಾಳೆ'. ಯಾರೂ ಸತ್ತಿಲ್ಲ.

ಮಲೆನಾಡು ಮಳೆ (ತೀರ್ಥಹಳ್ಳಿ)

ಇಬ್ಬನಿ ಸರಿಯಾಗಿ ಬೀಳದೆ ಅವರೆಗೆ ಸೊಗಡು ಬರುವುದಿಲ್ಲ. ಡಿಸೆಂಬರ್ ಕಳೆಯಲಿ, ಆಮೇಲೆ ತಿನ್ನಿ.

ಸಂಪಿಗೆಮರ

ಸೊಗಡು ಕಡಿಮೆ ಇತ್ತು, ನಿಜ. ಆದರೂ ಮುದ್ದೆಗೆ ಚೆನ್ನಾಗಿ ಹೊಂದಿತು.

ನೋಟ್‌ಬುಕ್ ಕೇಳಬೇಡಿ. ಎರಡು ದಿನದಿಂದ ಸಿಕ್ಕಿರಲಿಲ್ಲ. ಈಗ ಹುಡುಕಿದರೆ ಫ್ರಿಡ್ಜ್ ಮೇಲಿದೆ. 'ಇಂದು ನಾನು ಯಾವುದಕ್ಕೆ ಕೃತಜ್ಞಳು' ಅಂತ ಅಚ್ಚಾಗಿರುವುದರ ಕೆಳಗೆ ಅತ್ತೆಯ ಕೈಬರಹ, ಗೆರೆ ಬಿಟ್ಟು ಹೋಗಿಲ್ಲ:

ಬುಧವಾರ: ಹಾಲು 1 ಲೀ. ಮೊಸರು ಅರ್ಧ.
ಗುರುವಾರ: ಹಾಲು ಒಂದೂವರೆ. ಅವರೆಕಾಯಿ 2 ಕೇಜಿ, ರೇಟು ಜಾಸ್ತಿ ಕೊಟ್ಟಿದ್ದಾಳೆ.

ಗರಗಸ, ಗುರುವಾರ ರಾತ್ರಿ 10.02

ಇವತ್ತೂ ಮೆಷಿನ್ ಕೂಗಲಿಲ್ಲ. ಅವರೆಕಾಯಿ ಏನು ರೇಟು?